ಅಳತೆ ಕೇಳಲು ನಾಚಿಕೆ ಯಾಕೆ?

ಕೌಂಟರಿನ ಆಚೆ ಗಂಡಸು ನಿಂತಿದ್ದರೆ ನಾವು ಹುಡುಗಿಯರು ಬ್ರಾದ ಅಳತೆಯನ್ನು ಪಿಸುಗುಟ್ಟಿ, ಕೊಟ್ಟದ್ದನ್ನು ಚೀಲಕ್ಕೆ ತುರುಕಿ ಹೊರಬೀಳುತ್ತೇವೆ. ಮೈಗೆ ಕೂರದಿದ್ದರೂ ಬದಲಾಯಿಸಲು ಹೋಗುವುದಿಲ್ಲ. ನಾಚಿಕೆ ನಮ್ಮದು, ನೋವು ಹೆಗಲಿನದು!

ಭಾರ ಹೊರಬೇಕಾದದ್ದು ಎದೆಯ ಕೆಳಗಿನ ಪಟ್ಟಿ. ಅದು ಸಡಿಲವಾದರೆ ಬೆನ್ನ ಮೇಲಕ್ಕೆ ಏರುತ್ತದೆ. ಭಾರವೆಲ್ಲ ಭುಜದ ಪಟ್ಟಿಗೆ ಬಿದ್ದು ಹೆಗಲಲ್ಲಿ ಗೆರೆ ಮೂಡುತ್ತದೆ, ಕತ್ತು ನೋಯುತ್ತದೆ. ತೀರ ಬಿಗಿಯಾದರೆ ಕಂಕುಳ ಬಳಿ ಮಾಂಸ ಉಬ್ಬಿ ನಿಲ್ಲುತ್ತದೆ. ಆಗ 'ದಪ್ಪಗಾಗಿಬಿಟ್ಟೆ ಕಣೇ' ಅಂತ ಕೊರಗುತ್ತೇವೆ. ತಪ್ಪು ಬಟ್ಟೆಯದು.

ಬಿಗಿಯಾಗಿ ಕಟ್ಟದಿದ್ದರೆ ಜೋತುಬೀಳುತ್ತೆ ಅಂತ ಹಿರಿಯರು ಹೆದರಿಸುವುದುಂಟು. ಎತ್ತಿ ಹಿಡಿಯುವ ಸ್ನಾಯು ಸ್ತನದೊಳಗಿಲ್ಲ. ಹಿಡಿದಿರುವುದು ಚರ್ಮ ಮತ್ತು ತೆಳು ತಂತುಗಳು. ವಯಸ್ಸು, ಬಸಿರು, ತೂಕದ ಏರಿಳಿತ, ಸಿಗರೇಟು ಅವನ್ನು ಸಡಿಲಿಸುತ್ತವೆ. ಹೊಟ್ಟೆ ಅದುಮುವ ಶೇಪ್‌ವೇರ್ ಕಳಚಿದೊಡನೆ ಹೊಟ್ಟೆ ಮೊದಲಿನಂತೆಯೇ. ತೊಟ್ಟಷ್ಟು ಹೊತ್ತು ಎದೆಯುರಿ, ತೊಡೆ ಜೋಮು ಬೇರೆ ಬರಬಹುದು. ಲಂಗದ ಲಾಡಿ ವರ್ಷಗಟ್ಟಲೆ ಬಿಗಿದು, ಹುಣ್ಣಾಗಿ, ಚರ್ಮದ ಕ್ಯಾನ್ಸರ್‌ಗೆ ತಿರುಗಿದ ಉದಾಹರಣೆಗಳನ್ನು 2024ರಲ್ಲಿ ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ.

ಗೆಳತಿಯರೇ, ಹಾಸ್ಟೆಲಿಗೊಂದು ಟೇಪು ತನ್ನಿ, ಒಬ್ಬರಿಗೊಬ್ಬರು ಅಳೆದುಕೊಳ್ಳಿ. ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಅಂಗಡಿಯವನಿಗೆ ಗಟ್ಟಿಯಾಗಿಯೇ ಹೇಳಿ: 'ಇದು ಕೂರೋಲ್ಲ, ಬೇರೆ ಕೊಡಿ.'