ಒಣಕೆಮ್ಮಿನವರ ಕಫ ಪರೀಕ್ಷೆಗೆ ಯಾವ ಯಂತ್ರ ತಕ್ಕದ್ದು?

ಕ್ಷಯರೋಗವನ್ನು ಪತ್ತೆಹಚ್ಚಲು ಸಿಬಿನಾಟ್, ಟ್ರೂನಾಟ್‌ನಂತಹ ಸೂಕ್ಷ್ಮ ಪರೀಕ್ಷೆಗಳು ಈಗ ಬಂದಿವೆ; ಸರ್ಕಾರಿ ಆಸ್ಪತ್ರೆಗಳಲ್ಲಿ ಅವು ಉಚಿತವೂ ಹೌದು. ಆದರೆ ಡಬ್ಬಿಯಲ್ಲಿ ಕಫದ ಬದಲು ಬರಿಯ ಜೊಲ್ಲಿದ್ದರೆ ಆ ಯಂತ್ರಗಳಾದರೂ ಏನು ಮಾಡಿಯಾವು? ಕುಷ್ಟಗಿ ಭಾಗದ ಕಲ್ಲುಗಣಿಗಳಲ್ಲಿ ದುಡಿದವರು, ಗಂಗಾವತಿಯ ಅಕ್ಕಿ ಗಿರಣಿಗಳ ಹಮಾಲರು, ಕೊಪ್ಪಳದ ಬಳಿಯ ಗಿಣಿಗೇರಿ ಕಾರ್ಖಾನೆಗಳ ನೆರೆಯವರು, ಯಲಬುರ್ಗಾದ ಹಳ್ಳಿಗಳ ಒಲೆಹೊಗೆಯಲ್ಲಿ ಬೆಂದ ತಾಯಂದಿರು, ಇವರಲ್ಲಿ ಒಣಕೆಮ್ಮಿನಿಂದ ಬಳಲುವವರಿಗೆ ಕೊರತೆಯಿಲ್ಲ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ನೆಲೆಗೊಂಡವರಿಗಂತೂ ಕ್ಷಯದ ಅಪಾಯ ಹೆಚ್ಚು. ಕಫ ಬರಲಿಲ್ಲವೆಂದು ಮರಳಿದವರನ್ನು ರೋಗವಿಲ್ಲದವರೆಂದು ಬಗೆಯುವುದು ಸರಿಯಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಇಂಥವರಿಗೆ ಶೇ. 3ರಿಂದ 5ರಷ್ಟು ಉಪ್ಪಿರುವ ಶುದ್ಧ ದ್ರಾವಣವನ್ನು ನೆಬ್ಯುಲೈಸರ್ ಮೂಲಕ ಮಂಜಾಗಿಸಿ ಸುಮಾರು 15ರಿಂದ 20 ನಿಮಿಷ ಉಸಿರಾಡಿಸಿದರೆ ಆಳದ ಕಫ ಸಡಿಲಗೊಂಡು ಮೇಲೆ ಬರುತ್ತದೆ. ಆಸ್ಪತ್ರೆಗೆ ಯಂತ್ರವೊಂದನ್ನು ದಾಸೋಹವಾಗಿ ಸಲ್ಲಿಸಬಯಸುವ ಭಕ್ತರು ಕೊಳ್ಳುವ ಮುನ್ನ ಭೇದವನ್ನು ಅರಿಯಬೇಕು. ಉಬ್ಬಸದವರ ಮನೆಗಳಲ್ಲಿ ಕಾಣುವ ಕಂಪ್ರೆಸರ್ ಯಂತ್ರದ ಬೆಲೆ ಕಡಿಮೆ, ಔಷಧ ಕೊಡಲು ಅದು ಸಾಕು. ಆದರೆ ನಿಮಿಷಕ್ಕೆ ಅದು ಹೊರಡಿಸುವ ಮಂಜು ಅಲ್ಪ. ಅಲ್ಟ್ರಾಸೋನಿಕ್ ಯಂತ್ರ ಬಹಳ ಹೆಚ್ಚು ಮಂಜನ್ನು ಕೊಡುವುದರಿಂದ ಈ ಕಾರ್ಯಕ್ಕೆ ವೈದ್ಯರು ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರೆ. ಕೈಯಲ್ಲಿ ಹಿಡಿಯುವ ಮೆಶ್ ಯಂತ್ರ ಸದ್ದಿಲ್ಲದ್ದು, ಬ್ಯಾಟರಿಯಿಂದಲೂ ನಡೆಯುವಂಥದು. ಕರೆಂಟು ಕೈಕೊಡುವ ಊರಿಗೆ ಅನುಕೂಲ. ಆದರೆ ಉಪ್ಪು ಕಟ್ಟಿ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳಬಲ್ಲವು. ತಾಲ್ಲೂಕು ಆಸ್ಪತ್ರೆಗೆ ಒಂದನ್ನೇ ಕೊಡುವುದಾದರೆ ಅಲ್ಟ್ರಾಸೋನಿಕ್ ಕೊಡಿರೆಂದು ನಾವು ಹೇಳುತ್ತೇವೆ.

ಯಂತ್ರಕ್ಕಿಂತ ಅದನ್ನಿಡುವ ಸ್ಥಳ ಮುಖ್ಯ. ಉಪ್ಪಿನ ಮಂಜಿನಿಂದ ಎದ್ದ ಕೆಮ್ಮು ರೋಗಾಣುಗಳನ್ನು ಗಾಳಿಗೆ ಚೆಲ್ಲುತ್ತದೆ. ಹೊರರೋಗಿಗಳು ಕಿಕ್ಕಿರಿದ ಕೋಣೆಯಲ್ಲಿ ಇದನ್ನು ಮಾಡಿಸುವುದು ಉಪಕಾರವಲ್ಲ, ಅಪಕಾರ. ಗಾಳಿಯಾಡುವ ಬಯಲು, ಶುಶ್ರೂಷಕರಿಗೆ ಎನ್-95 ಮುಖಗವುಸು, ಪ್ರತಿ ರೋಗಿಗೂ ಬೇರೆ ಅಥವಾ ಸೋಂಕು ನಿವಾರಿಸಿದ ನಳಿಕೆ ಬೇಕೇ ಬೇಕು. ಉಪ್ಪುನೀರು ಶ್ವಾಸನಾಳವನ್ನು ಬಿಗಿಸಬಲ್ಲುದಾದ್ದರಿಂದ ಮೊದಲು ಸಾಲ್ಬುಟಮಾಲ್ ಕೊಡುವುದು ವಾಡಿಕೆ. ತೀವ್ರ ಉಬ್ಬಸವಿರುವವರಿಗೆ, ಕಫದಲ್ಲಿ ರಕ್ತ ಕಾಣುವವರಿಗೆ ವೈದ್ಯರ ನಿರ್ಧಾರವಿಲ್ಲದೆ ಮಾಡಕೂಡದು. ಮನೆಯಲ್ಲಿ ಸ್ವತಃ ಪ್ರಯೋಗಿಸುವುದಂತೂ ಸಲ್ಲದು.

ಇಷ್ಟೆಲ್ಲದಕ್ಕೂ ಮುನ್ನ ಮಾಡಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಫವನ್ನು ಹೇಗೆ ತೆಗೆಯಬೇಕೆಂದು ಬಿಡಿಸಿ ಹೇಳಿದ್ದರಿಂದಲೇ ಮಹಿಳೆಯರಲ್ಲಿ ಕ್ಷಯದ ಪತ್ತೆ ಹೆಚ್ಚಿತು. ನಮ್ಮ ಸೀಮೆಯ ತಾಯಂದಿರೂ ನಾಲ್ವರೆದುರು ಕ್ಯಾಕರಿಸಲು ನಾಚಿ ಉಗುಳನ್ನೇ ಡಬ್ಬಿಗೆ ಹಾಕುವುದುಂಟು. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಬೇಕೆಂದು ಹೇಳುವವರು, ಮರೆಯಾದೊಂದು ಬಯಲು ಜಾಗ, ಇವೆರಡಿದ್ದರೆ ಎಷ್ಟೋ ಮಂದಿಗೆ ಯಂತ್ರವೇ ಬೇಕಾಗದು.

ಇನ್ನೊಂದು ಮಾತು. ಯಂತ್ರದಿಂದ ಪಡೆದ ಕಫ ನೀರಿನಂತೆ ತೆಳ್ಳಗಿರುತ್ತದೆ. ಅದು ನೆಬ್ಯುಲೈಸರ್‌ನಿಂದ ತೆಗೆದದ್ದೆಂದು ಡಬ್ಬಿಯ ಚೀಟಿಯಲ್ಲಿ ಬರೆಯದಿದ್ದರೆ ಪ್ರಯೋಗಾಲಯದವರು ಜೊಲ್ಲೆಂದು ತಿಳಿದು ಬದಿಗಿಡುವ ಸಂಭವವುಂಟು.