ಮೂಗಿಗೊಪ್ಪುವ ಮುಖವಾಡ

ನಿದ್ರೆಯಲ್ಲಿ ತಾನು ಗೊರಕೆ ಹೊಡೆಯುತ್ತೇನೆಂದು ತಾನಾಗಿ ಒಪ್ಪಿಕೊಂಡ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ಒಪ್ಪಿಕೊಳ್ಳದಿರುವುದಕ್ಕೆ ಕಾರಣವೂ ಉಂಟು. ಅಪರಾಧ ನಡೆಯುವ ಹೊತ್ತಿನಲ್ಲಿ ಅಪರಾಧಿಯು ಸ್ಥಳದಲ್ಲಿದ್ದೂ ಇಲ್ಲದವನಾಗಿರುತ್ತಾನೆ; ಸಾಕ್ಷಿ ನುಡಿಯುವವರೆಲ್ಲ ಅವನ ಮನೆಯವರೇ! ಹತ್ತು ವರ್ಷಗಳ ಕಾಲ ನಾನೂ ಇದೇ ವಾದವನ್ನು ಹೂಡಿ ಗೆಲ್ಲುತ್ತ ಬಂದೆ. ಈ ವರ್ಷ ಸೋತೆ. ಆ ಸೋಲಿನ ವೃತ್ತಾಂತವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು. ನಗುವ ಮುನ್ನ ಪಕ್ಕದ ಹಾಸಿಗೆಯವರನ್ನು ಒಂದು ಮಾತು ಕೇಳಿನೋಡಬೇಕೆಂಬುದಷ್ಟೇ ನನ್ನ ಬಿನ್ನಹ.

ನನ್ನ ವಾಸ ರಾಜಾಜಿನಗರದಲ್ಲಿ. ಪಾಠ ಹೇಳುವ ಕಾಲೇಜು ಕೆಂಗೇರಿಯ ಕಡೆ. ಮಹಾಕವಿ ಕುವೆಂಪು ರಸ್ತೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಿ ಹೋಗುವುದು ನನ್ನ ವಾಡಿಕೆ. ಕಳೆದ ಮಳೆಗಾಲದಿಂದ ಒಂದು ವಿಚಿತ್ರ ಪ್ರಾರಂಭವಾಯಿತು. ಕುಳಿತುಕೊಳ್ಳಲು ಸ್ಥಳ ದೊರೆಯಿತೆಂದರೆ ವಿಜಯನಗರ ದಾಟುವುದರೊಳಗೆ ಕಣ್ಣು ಮುಚ್ಚಿಹೋಗುತ್ತಿತ್ತು. ಕೆಂಗೇರಿ ಬಂದುದೂ ಹೋದುದೂ ತಿಳಿಯದೆ, ಕಡೆಯ ನಿಲ್ದಾಣವಾದ ಚಲ್ಲಘಟ್ಟದಲ್ಲಿ ಕಾವಲಿನವರು ಭುಜ ಅಲುಗಿಸಿ ಎಬ್ಬಿಸಿದ್ದು ಒಂದೇ ತಿಂಗಳಲ್ಲಿ ಮೂರು ಸಲ. ಮೂರನೆಯ ಸಲ ಆತ, “ಸಾರ್, ನಿಮಗೆ ಇಲ್ಲೇ ಒಂದು ಮನೆ ನೋಡಲೇ?” ಎಂದು ಕೇಳಿದ.

ತರಗತಿಯಲ್ಲಿಯೂ ಇದೇ ಅವಸ್ಥೆ. ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತಿದ್ದ ದಿನಗಳವು. ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದೊಳಗೆ ಅಡಗಿ ಕುಳಿತ ಭಾಗವನ್ನು ವಿದ್ಯಾರ್ಥಿಯೊಬ್ಬನಿಂದ ಓದಿಸಿ, ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದೆ. ಕೌರವನು ಮುಳುಗಿದೊಡನೆ ನಾನೂ ಮುಳುಗಿದೆ. ಭೀಮನು ಬಂದು ಗರ್ಜಿಸುವವರೆಗೆ ಇಬ್ಬರೂ ಮೇಲೇಳಲಿಲ್ಲ. ನನ್ನ ವಿದ್ಯಾರ್ಥಿಗಳು ಸಭ್ಯರು. ಗರ್ಜನೆಯ ಭಾಗವನ್ನು ತುಸು ಗಟ್ಟಿಯಾಗಿ ಓದಿದರು, ಅಷ್ಟೆ.

ಇಷ್ಟರವರೆಗೆ ಎಲ್ಲವೂ ವಿನೋದವೇ. ವಿನೋದವು ಮುಗಿದದ್ದು ವೆಸ್ಟ್ ಆಫ್ ಕಾರ್ಡ್ ರಸ್ತೆಯ ಒಂದು ಸಿಗ್ನಲ್ಲಿನಲ್ಲಿ. ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಟಿದ್ದೆ. ಕೆಂಪು ದೀಪ ಬಿದ್ದಿತು, ಕಾಲೂರಿ ನಿಂತೆ. ಆಮೇಲೆ ಕೇಳಿಸಿದ್ದು ಹಿಂದಿನ ವಾಹನಗಳ ಹಾರನ್ನು, ಬೆನ್ನಿಗೆ ಬೀಳುತ್ತಿದ್ದ ಪುಟ್ಟ ಗುದ್ದುಗಳು, “ಅಪ್ಪಾ, ಹಸಿರು ಬಂತು, ಆಗಲೇ ಬಂತು” ಎಂಬ ದನಿ. ಶಾಲೆಯ ಬಾಗಿಲಲ್ಲಿ ಅವಳನ್ನು ಇಳಿಸಿದ ಮೇಲೆ ನನ್ನ ಕೈಗಳು ನಡುಗಿದವು. ನಿಂತಿದ್ದಾಗ ಬಂದ ನಿದ್ರೆಯು ಓಡುತ್ತಿದ್ದಾಗ ಬಂದಿದ್ದರೆ? ಆ ದಿನ ಸ್ಕೂಟರನ್ನು ಅಲ್ಲಿಯೇ ನಿಲ್ಲಿಸಿ, ಆಟೋ ಹಿಡಿದು ಮನೆಗೆ ಮರಳಿದೆ.

ನಮ್ಮ ತಾಯಿಯವರು ಬಾಗಿಲಲ್ಲಿಯೇ ಕುಳಿತು ಹುರುಳಿಕಾಯಿ ಬಿಡಿಸುತ್ತಿದ್ದರು. ನಡೆದುದನ್ನು ಹೇಳಿದೆ. ಅವರು ಕೈಕೆಲಸವನ್ನು ನಿಲ್ಲಿಸಿ ನುಡಿದರು: “ನಿನಗೆ ಎಷ್ಟು ಸಲ ಹೇಳಿದೀನಿ, ನೀನು ಕೇಳಲ್ಲ. ನಿಮ್ಮಪ್ಪಂದೂ ಹೀಗೇ ಇತ್ತು ಕಣೋ. ಜೋರಾಗಿ ಗೊರಕೆ ಬರೋದು, ಇದ್ದಕ್ಕಿದ್ದ ಹಾಗೆ ನಿಂತುಹೋಗೋದು. ಉಸಿರೇ ಇಲ್ಲ. ನಾನು ಪಕ್ಕಕ್ಕೆ ತಳ್ಳಿದ ಮೇಲೆ ಮತ್ತೆ ಬರೋದು.”

ನನ್ನ ತಂದೆಯವರು ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಬೆಳಗಿನ ಜಾವ, ಮಲಗಿದ್ದಲ್ಲಿಯೇ ತೀರಿಕೊಂಡರು. ಆ ವಾರ ತಾಯಿಯವರು ಬಾಣಂತನಕ್ಕಾಗಿ ನನ್ನ ಅಕ್ಕನ ಮನೆಗೆ ಹೋಗಿದ್ದರು. ನೋಡಲು ಬಂದವರೆಲ್ಲ, “ನಿದ್ದೆಯಲ್ಲೇ ಹೋದರು, ಪುಣ್ಯವಂತರು” ಎಂದರು. ನಾನೂ ಹಾಗೆಯೇ ನಂಬಿದ್ದೆ. ಅವರ ಸಾವಿಗೆ ಕಾರಣ ಇದೇ ಎಂದು ಇಂದು ಯಾರೂ ಹೇಳಲಾರರು, ನಾನೂ ಹೇಳಲಾರೆ. ಆದರೆ ತಾಯಿಯವರು ಅದೊಂದು ವಾರದ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬದುಕಿದ್ದಾರೆಂಬುದು ಆ ದಿನ ಹುರುಳಿಕಾಯಿಯ ಮುಂದೆ ಕುಳಿತಾಗ ನನಗೆ ಹೊಳೆಯಿತು. ಸಂಜೆಯೇ ವೈದ್ಯರಲ್ಲಿಗೆ ಹೋದೆ.

ವೈದ್ಯರು ನನ್ನನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ಪರೀಕ್ಷಿಸಿದರು. ತಲೆಗೆ ತಂತಿ, ಎದೆಗೆ ಪಟ್ಟಿ, ಮೂಗಿನ ಬಳಿ ಕೊಳವೆ, ಬೆರಳಿಗೆ ಆಮ್ಲಜನಕವನ್ನಳೆಯುವ ಚಿಮ್ಮಟ. ಇಷ್ಟನ್ನು ಕಟ್ಟಿಕೊಂಡು ನಿದ್ರೆ ಬಂದೀತೇ ಎಂಬ ನನ್ನ ಸಂದೇಹ ಐದು ನಿಮಿಷದಲ್ಲಿ ಪರಿಹಾರವಾಯಿತು. ಬೆಳಗ್ಗೆ ಫಲಿತಾಂಶ ಬಂದಿತು: ಗಂಟೆಗೆ 38 ಸಲ ಉಸಿರಾಟಕ್ಕೆ ತಡೆ. ಐದಕ್ಕಿಂತ ಕಡಿಮೆಯಿದ್ದರೆ ಸರಿ. ಹದಿನೈದರವರೆಗೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಮೂವತ್ತನ್ನು ಮೀರಿದರೆ ತೀವ್ರ. ಆರು ಗಂಟೆಯ ನಿದ್ರೆಯೆಂದರೆ 228 ಸಲ! ಮಾಸ್ತರನಾದ ನನಗೆ ಜನ್ಮದಲ್ಲಿ ಮೊದಲ ಬಾರಿಗೆ ಹೆಚ್ಚು ಅಂಕಗಳು ಬಂದು ದುಃಖವಾಯಿತು.

ಈ ವ್ಯಾಧಿಗೆ ಸ್ಲೀಪ್ ಆಪ್ನಿಯ ಎಂದು ಹೆಸರು. ಉಸಿರಿಲ್ಲದಿರುವುದು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ದುರ್ಯೋಧನನದು ಜಲಸ್ತಂಭನವಾದರೆ ಇದನ್ನು ನಿದ್ರಾಶ್ವಾಸಸ್ತಂಭನ ಎನ್ನಬಹುದೇನೋ. ಇದು ನಡೆಯುವ ಬಗೆಯನ್ನು ತಿಳಿಯಬೇಕಾದರೆ ನವರಂಗದ ಬಳಿ ನಿಂತು ಒಂದು ಎಳನೀರು ಕುಡಿದರೆ ಸಾಕು. ಪ್ಲಾಸ್ಟಿಕ್ ಕೊಳವೆಗಳು ನಿಷೇಧವಾದಂದಿನಿಂದ ಕಾಗದದ ಕೊಳವೆ ಕೊಡುತ್ತಾರಷ್ಟೆ. ಅದು ನೆನೆದು ಮೆತ್ತಗಾದ ಮೇಲೆ ಜೋರಾಗಿ ಹೀರಿದರೆ ಏನಾಗುತ್ತದೆ? ಕೊಳವೆಯ ಗೋಡೆಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹೀರಿದಷ್ಟೂ ಬಿಗಿಯುತ್ತವೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡಾಗ, ನಾಲಗೆಯು ಹಿಂದಕ್ಕೆ ಜಾರಿದಾಗ, ಕೆಲವರ ಶ್ವಾಸಮಾರ್ಗಕ್ಕೆ ಇದೇ ಗತಿ. ಎದೆಯು ಎಳೆಯುತ್ತದೆ, ಗಾಳಿ ಬಾರದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕಡೆಗೆ ಮಿದುಳು ಗಾಬರಿಗೊಂಡು ಅರೆಕ್ಷಣ ಎಚ್ಚರಿಸುತ್ತದೆ. ದೊಡ್ಡದೊಂದು ಉಸಿರು, ಮತ್ತೆ ನಿದ್ರೆ. ಮಲಗಿದವನಿಗೆ ಇದಾವುದರ ನೆನಪೂ ಇರದು. ಎಂಟು ಗಂಟೆ ಮಲಗಿದೆನಲ್ಲಾ ಎಂದುಕೊಂಡು ಏಳುತ್ತಾನೆ. ರಾತ್ರಿಯೆಲ್ಲ ಕುಸ್ತಿಯಾಡಿದವನ ದಣಿವು ಅವನದು. ರಕ್ತದೊತ್ತಡ, ಹೃದಯದ ತೊಂದರೆ, ಪಾರ್ಶ್ವವಾಯು ಮುಂತಾದುವಕ್ಕೂ ಇದಕ್ಕೂ ನಂಟುಂಟೆಂದು ವೈದ್ಯರು ಹೇಳುತ್ತಾರೆ. ಗೊರಕೆ ಹೊಡೆಯುವವನನ್ನು ಕುಂಭಕರ್ಣನಿಗೆ ಹೋಲಿಸುವುದು ನಮ್ಮಲ್ಲಿ ರೂಢಿ. ಕುಂಭಕರ್ಣನಿಗೆ ನಿದ್ರೆಯಾದರೂ ದಕ್ಕುತ್ತಿತ್ತು!

ಹಿಂದಿ ಚಿತ್ರಸಂಗೀತದ ಬಪ್ಪಿ ಲಾಹಿರಿಯವರು 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಿಧನರಾದಾಗ ವೈದ್ಯರು ಹೇಳಿದ ಕಾರಣ ಇದೇ ವ್ಯಾಧಿ. ನಮ್ಮ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕೂ ಸಂಗೀತ ನೀಡಿದವರು ಅವರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ನಾನು ಅಂದು ಓದಿದ್ದೆ. ನನಗೂ ಅದಕ್ಕೂ ಸಂಬಂಧವಿದೆಯೆಂದು ತೋರಿರಲಿಲ್ಲ.

ಪರಿಹಾರವು ಸರಳವಾದುದು. ಯಂತ್ರವೊಂದು ಗಾಳಿಯನ್ನು ಹದವಾದ ಒತ್ತಡದಲ್ಲಿ ಮೂಗಿನೊಳಕ್ಕೆ ಊದುತ್ತಿರುತ್ತದೆ. ಆ ಒತ್ತಡವೇ ಗಂಟಲಿನ ಕೊಳವೆಯನ್ನು ತೆರೆದು ಹಿಡಿಯುತ್ತದೆ. ಇದಕ್ಕೆ ಸಿಪ್ಯಾಪ್ ಎನ್ನುತ್ತಾರೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಕಂಡುಹಿಡಿದು, ಐವರು ರೋಗಿಗಳಲ್ಲಿ ಪ್ರಯೋಗಿಸಿ, 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಮುಂಚೆ ತೀವ್ರ ರೋಗಿಗಳಿಗೆ ಕತ್ತಿನಲ್ಲಿ ರಂಧ್ರ ಕೊರೆಯುವುದೇ ಗತಿಯಾಗಿತ್ತು. ಆರಂಭದ ಕಾಲದಲ್ಲಿ ಮುಖವಾಡವನ್ನು ರೋಗಿಯ ಮೂಗಿಗೆ ಪ್ರತಿರಾತ್ರಿಯೂ ಅಂಟಿನಿಂದ ಅಂಟಿಸುತ್ತಿದ್ದರಂತೆ! ನನಗೊದಗಿದ ಕಷ್ಟಗಳನ್ನು ಹೇಳುವ ಮುನ್ನ ಆ ಪುಣ್ಯಾತ್ಮರಿಗೆ ಒಂದು ನಮಸ್ಕಾರ.

ಒಂದು ತಿಂಗಳ ಸಂಬಳವನ್ನು ನುಂಗಿ ಯಂತ್ರವು ಮನೆಗೆ ಬಂದಿತು. ಅದರ ಜೊತೆಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮುಖವಾಡ. ನನ್ನ ಮುಖದ ಅಳತೆಯನ್ನು ತೆಗೆದುಕೊಳ್ಳುವ ಗೋಜಿಗೆ ಅಂಗಡಿಯವನು ಹೋಗಿರಲಿಲ್ಲ. ಧರಿಸಿ ಕನ್ನಡಿ ನೋಡಿದೆ. ಯುದ್ಧವಿಮಾನವನ್ನು ಹಾರಿಸಲು ಹೊರಟ ಕನ್ನಡ ಅಧ್ಯಾಪಕನೊಬ್ಬ ಕಾಣಿಸಿದ. ಮನೆಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಗಳು ಮಾತ್ರ ಕೊಳವೆಯನ್ನು ಹಿಡಿದೆತ್ತಿ ಗಂಭೀರವಾಗಿ, “ಅಪ್ಪ ಗಣಪ ಆದ” ಎಂದಳು.

ಗಣಪನಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಯಾರೋ ಮುಖಕ್ಕೆ ದಿಂಬನ್ನು ಒತ್ತಿದಂತೆ ಉಸಿರು ಕಟ್ಟಿತು. ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಹೊಡೆಯಿತು. ಸೋರಿಕೆ ನಿಲ್ಲಲೆಂದು ಪಟ್ಟಿಗಳನ್ನು ಬಿಗಿದೆ, ಇನ್ನೂ ಸೋರಿತು, ಇನ್ನೂ ಬಿಗಿದೆ. ಬೆಳಗ್ಗೆ ಮೂಗಿನ ಮೇಲೆ ಕೆಂಪು ಗೀರು, ಕೆನ್ನೆಗಳ ಮೇಲೆ ಪಟ್ಟಿಯ ಅಚ್ಚು. ಸಹೋದ್ಯೋಗಿಗಳು ಅರ್ಥಗರ್ಭಿತವಾಗಿ ನೋಡಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದರು. ನಾಲ್ಕನೆಯ ರಾತ್ರಿ ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿ ಮಂಚದ ಕೆಳಕ್ಕೆ ತಳ್ಳಿದೆ. ಮಾರನೆಯ ಬೆಳಗ್ಗೆ ಅದು ಮತ್ತೆ ನನ್ನ ದಿಂಬಿನ ಪಕ್ಕದಲ್ಲಿತ್ತು. ಯಾರು ಇಟ್ಟರೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ವೈದ್ಯರ ಬಳಿ ಮರಳಿ ಹೋದೆ. ಅಲ್ಲಿಯ ತಂತ್ರಜ್ಞೆಯೊಬ್ಬರು ತಾಳ್ಮೆಯಿಂದ ಕಲಿಸಿದ ಪಾಠವನ್ನು ಇತರರಿಗೂ ಉಪಯೋಗವಾದೀತೆಂದು ಬರೆಯುತ್ತೇನೆ. ಮುಖವಾಡಗಳು ಮುಖ್ಯವಾಗಿ ಮೂರು ಬಗೆ: ಮೂಗು ಬಾಯಿ ಎರಡನ್ನೂ ಮುಚ್ಚುವುದು, ಮೂಗನ್ನು ಮಾತ್ರ ಮುಚ್ಚುವುದು, ಮೂಗಿನ ಹೊಳ್ಳೆಗಳಿಗೆ ಮೆತ್ತನೆಯ ಬಿರಡೆಯಂತೆ ಕೂರುವುದು. ಬಾಯಿ ತೆರೆದು ಮಲಗುವವರಿಗೆ ಮೊದಲನೆಯದು ಬೇಕಾದೀತು. ಪಟ್ಟಿಗಳನ್ನು ಕುಳಿತು ಬಿಗಿಯಬಾರದು. ಮಲಗಿ, ಗಾಳಿಯನ್ನು ಹರಿಯಬಿಟ್ಟು, ಸೋರಿಕೆ ನಿಲ್ಲುವಷ್ಟು ಮಾತ್ರ ಬಿಗಿಯಬೇಕು. ಅಂಚಿನ ಮೆತ್ತೆಯು ಗಾಳಿ ತುಂಬಿ ಉಬ್ಬಿ ತಾನೇ ಮುಖಕ್ಕೆ ಕೂರಬೇಕು. ಅತಿಯಾಗಿ ಬಿಗಿದರೆ ಅದು ಮಡಿಸಿಕೊಂಡು ಇನ್ನಷ್ಟು ಸೋರುತ್ತದೆ. ಮುಂಭಾಗದ ಸಣ್ಣ ರಂಧ್ರಗಳಿಂದ ಗಾಳಿ ಹೊರಬರುವುದು ದೋಷವಲ್ಲ. ನಾವು ಬಿಟ್ಟ ಉಸಿರು ಹೋಗುವ ದಾರಿಯದು, ಮುಚ್ಚಬಾರದು. ಎಣ್ಣೆ ಹಚ್ಚಿದ ಮುಖಕ್ಕೆ ಮೆತ್ತೆ ನಿಲ್ಲದು. ಮುಖ ತೊಳೆದೇ ಮಲಗಬೇಕು. ಮೆತ್ತೆಯನ್ನು ದಿನವೂ ಸೌಮ್ಯವಾದ ಸಾಬೂನಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಗಂಟಲು ಒಣಗದಂತೆ ಗಾಳಿಗೆ ತೇವ ನೀಡುವ ನೀರಿನ ತೊಟ್ಟಿಯುಂಟು. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ನಮ್ಮ ಬಡಾವಣೆಯ ಕೊಳವೆ ಬಾವಿಯ ನೀರು ಹಾಕಿದರೆ ತೊಟ್ಟಿಯಲ್ಲಿ ಸುಣ್ಣ ಬಳಿದಂತಾಗುತ್ತದೆ. ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ಕಡೆಯದಾಗಿ ಆಕೆ ನನ್ನ ಮೀಸೆಯನ್ನು ನೋಡಿ, “ಸೋರಿಕೆ ಅಲ್ಲಿಂದ ಸಾರ್” ಎಂದರು. ಎಂ.ಎ. ತರಗತಿಯ ದಿನಗಳಿಂದ ಸಾಕಿ ಸಲಹಿದ ಮೀಸೆಯದು! ಮೀಸೆಯೋ ಮೂಗಿನ ಮುಖವಾಡವೋ ಎಂಬ ಧರ್ಮಸಂಕಟದಲ್ಲಿ ಹೊಳ್ಳೆಗಳಿಗೆ ಕೂರುವ ಮೂರನೆಯ ಬಗೆಯೇ ನನ್ನನ್ನು ಕಾಪಾಡಿತು. ಅದು ಮೀಸೆಯ ತಂಟೆಗೆ ಹೋಗದು. ಕಣ್ಣಿಗೆ ಅಡ್ಡ ಬಾರದು. ಕನ್ನಡಕ ಹಾಕಿಕೊಂಡು ಓದಲೂಬಹುದು. ಅಭ್ಯಾಸಕ್ಕಾಗಿ ಪ್ರತಿದಿನ ಸಂಜೆ ಅರ್ಧ ಗಂಟೆ ಅದನ್ನು ಧರಿಸಿ, ಎಚ್ಚರವಾಗಿಯೇ ಕುಳಿತು, ಇದೇ ಪತ್ರಿಕೆಯ ಧಾರಾವಾಹಿಯನ್ನು ಓದಿದೆ. ಯಂತ್ರದ ಒತ್ತಡವು ಕನಿಷ್ಠದಲ್ಲಿ ಆರಂಭವಾಗಿ ನಿಧಾನವಾಗಿ ಏರುವಂತೆ ಮಾಡಿಸಿಕೊಂಡೆ. ಮೊದಲ ವಾರ ಎರಡು ಗಂಟೆ, ಎರಡನೆಯ ವಾರ ನಾಲ್ಕು ಗಂಟೆ. ಒಂದು ತಿಂಗಳು ತುಂಬಿದಾಗ ರಾತ್ರಿಯಿಡೀ. ಯಂತ್ರವೇ ಬರೆದಿಡುವ ಲೆಕ್ಕದಲ್ಲಿ 38 ಎಂಬುದು 3ಕ್ಕೆ ಇಳಿದಿತ್ತು. ಚಲ್ಲಘಟ್ಟದ ಕಾವಲಿನವನು ನನ್ನನ್ನು ಮರೆತಿರಬೇಕು.

ಕಳೆದ ವಾರ ನಡುರಾತ್ರಿ ಮಳೆಗಾಳಿಗೆ ನಮ್ಮ ಬೀದಿಯ ವಿದ್ಯುತ್ತು ಹೋಯಿತು. ಯಂತ್ರದ ಸಣ್ಣ ಮರ್ಮರ ನಿಂತಿತು. ನಾನು ಕಣ್ಣು ಬಿಟ್ಟು ಮುಖವಾಡವನ್ನು ತೆಗೆಯುವ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ಟಾರ್ಚಿನ ಬೆಳಕು ಬಿದ್ದಿತು. ತಾಯಿಯವರು ನಿಂತಿದ್ದರು.

“ಎದ್ದಿದೀಯಾ?” ಎಂದರು.

“ಎದ್ದಿದೀನಮ್ಮ. ನೀನು ಇನ್ನೂ ಮಲಗಿರಲಿಲ್ಲವೇ?”

“ಮಲಗಿದ್ದೆ. ಸದ್ದು ನಿಂತುಹೋಯಿತಲ್ಲ, ಎಚ್ಚರ ಆಯಿತು.”

ಅವರು ಟಾರ್ಚನ್ನು ನಂದಿಸಿ, ಮಗಳ ಹೊದಿಕೆಯನ್ನು ಸರಿಪಡಿಸುವ ನೆಪದಿಂದ ಇನ್ನಷ್ಟು ಹೊತ್ತು ಅಲ್ಲಿಯೇ ನಿಂತಿದ್ದು ಹೋದರು. ಮೂವತ್ತು ವರ್ಷ ಒಂದು ಉಸಿರನ್ನು ಕಾದ ಕಿವಿಗಳವು. ಮಾರನೆಯ ದಿನ ಕಾಲೇಜಿನಿಂದ ಬರುವಾಗ, ಕರೆಂಟು ಹೋದರೂ ಯಂತ್ರ ನಿಲ್ಲದಂತೆ ಒಂದು ಬ್ಯಾಟರಿಯನ್ನು ಕೊಂಡು ತಂದೆ. ಬೆಲೆಯನ್ನು ಕೇಳಿ ಮನೆಯಾಕೆ ಹುಬ್ಬೇರಿಸಿದಳು. ಯಾರ ನಿದ್ರೆಗಾಗಿ ತಂದದ್ದೆಂದು ಹೇಳಿದ ಮೇಲೆ ಸುಮ್ಮನಾದಳು.