ಬ್ರೇಕ್ ಕಿರುಚಿದ್ರ ಎಣ್ಣಿ ಹಚ್ಚಬ್ಯಾಡ್ರಿ

(1/5)
ಮಳಿಗಾಲ ಬಂತಂದ್ರ ನಮ್ಮ ಕಡೆ ಎಂಟಿಬಿ ಸೈಕಲ್ ಬರೂದು ಕಣ್ಣಿಗಿಂತ ಮೊದಲ ಕಿವಿಗೆ ಗೊತ್ತಾಗ್ತೈತಿ. ಚಿಕ್ಕೋಡಿ ಇರಲಿ, ನಿಪ್ಪಾಣಿ ಇರಲಿ, ಬ್ರೇಕ್ ಹಿಡಿದ ಕೂಡಲೇ 'ಕೀಂಽಽ' ಅಂತ ಒಂದು ಸದ್ದು. ಮಂದಿ ಹೊಳ್ಳಿ ನೋಡ್ತಾರ, ನಮಗ ನಾಚಿಕಿ. ಆ ನಾಚಿಕಿಗೆ ಎಷ್ಟೋ ಮಂದಿ ಡಿಸ್ಕ್ ಮ್ಯಾಲ ಎರಡು ಹನಿ ಎಣ್ಣಿ ಬಿಡ್ತಾರ, ಇಲ್ಲಾಂದ್ರ ಚೈನಿಗೆ ಹೊಡಿಯೋ ಸ್ಪ್ರೇ ಹೊಡೀತಾರ. ಸದ್ದು ನಿಲ್ತೈತಿ. ಸೈಕಲ್ ನಿಲ್ಲೂದಿಲ್ಲ.

ನಾ ಹೇಳೂದು ಇಷ್ಟ: ಮಳ್ಯಾಗ ಕಿರುಚೋ ಬ್ರೇಕ್‌ಗಿಂತ ಎಣ್ಣಿ ಕುಡಿದು ಸುಮ್ಮನಾದ ಬ್ರೇಕ್ ಭಾಳ ಅಪಾಯ. ಸದ್ದು ಅಡಗಿಸೋ ಮೊದಲು ಅದು ಏನು ಹೇಳಾಕತ್ತೈತಿ ಅಂತ ಕೇಳ್ರಿ.

(2/5)
ಈ ಎಣ್ಣಿ ರೂಢಿ ಎಲ್ಲಿಂದ ಬಂತು? ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡ್ತು. ನಮ್ಮ ಎಷ್ಟೋ ಅಕ್ಕಂದಿರು, ಅಣ್ಣಂದಿರು ಅಂಥಾ ಸಾದಾ ಸೈಕಲ್ ಮ್ಯಾಲ ಸಾಲಿಗೆ ಹೋದವರು. ಆ ಸೈಕಲ್‌ನ್ಯಾಗ ಚೈನ್, ಪೆಡಲ್, ಸ್ಟ್ಯಾಂಡ್ ಯಾವುದು ಕಿರ್ ಅಂದ್ರೂ ಮದ್ದು ಒಂದ, ಎಣ್ಣಿ. ಅದ ಬುದ್ಧಿ ಡಿಸ್ಕ್‌ಗೂ ಬಂತು.

ಆದರೆ ಡಿಸ್ಕ್ ಬ್ರೇಕ್ ಕೆಲಸ ಮಾಡುವುದೇ ಘರ್ಷಣೆಯಿಂದ. ಎರಡು ಪ್ಯಾಡ್ ನಡುವೆ ತೆಳುವಾದ ಉಕ್ಕಿನ ತಟ್ಟೆ. ಹೊಸದಿದ್ದಾಗ ಅದರ ದಪ್ಪ ಸುಮಾರು 1.8 ಮಿ.ಮೀ. ಮಾತ್ರ. ನೀರು ಸೇರಿದಾಗ ಪ್ಯಾಡ್ ಒಂದೇ ಸಮ ಹಿಡಿಯುವುದಿಲ್ಲ. ಹಿಡಿದು ಜಾರುತ್ತದೆ, ಮತ್ತೆ ಹಿಡಿದು ಜಾರುತ್ತದೆ, ಸೆಕೆಂಡಿಗೆ ನೂರಾರು ಸಲ. ಆಗ ತಟ್ಟೆ ತಾಳ ಬಾರಿಸಿದಂಗ ನಡುಗುತ್ತದೆ. ಪಿಟೀಲಿನ ತಂತಿ ಮ್ಯಾಲ ಕಮಾನು ಎಳೆದಾಗ ಆಗೋದೂ ಇದ. ಟೂರ್ ಡಿ ಫ್ರಾನ್ಸ್‌ನ ಲಕ್ಷಗಟ್ಟಲೆ ರೂಪಾಯಿ ಸೈಕಲ್‌ಗಳೂ ಮಳೆಯಲ್ಲಿ ಕಿರುಚುತ್ತವೆ. ಹಂಗಾಗಿ ನಾಚಿಕಿ ಬ್ಯಾಡ.

(3/5)
ಎಲ್ಲ ಸದ್ದೂ ಒಂದಲ್ಲ. ಈ ಪೋಸ್ಟ್ ಸೇವ್ ಮಾಡಿಟ್ಕೊಳ್ರಿ.

ಮಳ್ಯಾಗ ಮೊದಲ ನಾಲ್ಕೈದು ಸಲ ಕಿರುಚಿ, ಆಮ್ಯಾಲ ಸುಮ್ಮನಾದ್ರ: ಅದು ಬರೀ ನೀರು. ಬ್ರೇಕ್ ಸ್ವಲ್ಪ ಹಗುರಾಗಿ ಹಿಡಿದು ಡಿಸ್ಕ್ ಒಣಗಿಸ್ರಿ. ಮುಗೀತು.

ಬಿಸಿಲಾಗೂ ಕಿರುಚಿ, ಹಿಡಿತಾನೂ ಕಮ್ಮಿ ಆದ್ರ: ಎಣ್ಣಿ ಹತ್ತೇತಿ.

ಬ್ರೇಕ್ ಹಿಡಿಯದಿದ್ರೂ ಸರ್ ಸರ್ ಅಂದ್ರ: ಡಿಸ್ಕ್ ಬಾಗೇತಿ, ಇಲ್ಲಾ ಕ್ಯಾಲಿಪರ್ ಒಂದು ಕಡೆ ಸರಿದೈತಿ.

ಖರ್ ಖರ್ ಅಂತ ಕಬ್ಬಿಣ ಉಜ್ಜಿದಂಗ ಕೇಳಿದ್ರ: ಪ್ಯಾಡ್ ಸವೆದು ಅದರ ಹಿಂದಿನ ಲೋಹದ ತಗಡು ತಾಗಾಕತ್ತಿರಬಹುದು, ಇಲ್ಲಾ ಉಸುಕು ಸಿಕ್ಕಿರಬಹುದು. ಅಲ್ಲೇ ಇಳೀರಿ. ನೋಡದ ಮುಂದ ಹೋಗಬ್ಯಾಡ್ರಿ.

(4/5)
ರಿಪೇರಿ ಕಷ್ಟ ಇಲ್ಲ.

ಮೊದಲು ತೊಳೀರಿ. ಅಥಣಿ, ರಾಯಬಾಗ ಕಡೆ ಎರಿ ಮಣ್ಣು ಗೊತ್ತಲ್ಲ, ಒಣಗಿದ್ರ ಸಿಮೆಂಟ್ ಆದಂಗ. ಹಸಿ ಇದ್ದಾಗಲೇ ನೀರು ಹಾಕಿ ತೆಗೀಬೇಕು. ಆಮ್ಯಾಲ ಡಿಸ್ಕ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಸ್ವಚ್ಛ ಅರಿವಿಲೆ ಒರೆಸ್ರಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳ್ಯಾಕ ಬಳಸೂದು ಇದನ್ನ. ಸ್ಯಾನಿಟೈಸರ್ ಜೆಲ್ ಬ್ಯಾಡ, ಅದರೊಳಗಿನ ಅಂಟು ಡಿಸ್ಕ್ ಮ್ಯಾಲ ಉಳೀತೈತಿ. ಒರೆಸಿದ ಮ್ಯಾಲ ಬರಿಗೈಲೆ ಮುಟ್ಟಬ್ಯಾಡ್ರಿ, ಕೈಯಾಗೂ ಜಿಡ್ಡು ಇರ್ತೈತಿ.

ಪ್ಯಾಡ್ ಹೊರಗ ತೆಗೆದು ನೋಡ್ರಿ. ಮೇಲೆ ಬರೀ ಹೊಳಪು ಬಂದಿದ್ದರೆ ಉಸುಕಿನ ಕಾಗದದ ಮ್ಯಾಲ ಹಗುರಕ ಉಜ್ಜಿದ್ರ ಸಾಕು. ಆ ಧೂಳು ಮೂಗಿಗೆ ಹೋಗಬಾರದು. ಎಣ್ಣಿ ಒಳಗ ಇಳಿದಿದ್ರ ಮಾತ್ರ ಹೊಸಾವು ಹಾಕೂದ ಚಲೋ.

ಕೇಬಲ್ ಇರೋ ಡಿಸ್ಕ್ ಬ್ರೇಕ್‌ನ್ಯಾಗ ಒಂದು ಗುಟ್ಟೈತಿ. ಬಹಳಷ್ಟರಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ, ಒಳಗಿನದು ನಿಂತಲ್ಲೇ ಇರುತ್ತದೆ. ಸವೆದಂತೆಲ್ಲ ಒಳಗಿನದನ್ನು ಅದರ ಸ್ಕ್ರೂ ತಿರುಗಿಸಿ ಡಿಸ್ಕ್ ಹತ್ತಿರ ತರಬೇಕು. ತರದಿದ್ರ ಡಿಸ್ಕ್ ಒಂದು ಕಡೆ ಬಾಗಿ ಕಿರುಚುತ್ತದೆ.

ಕಡೀಕ, ಖಾಲಿ ರಸ್ತೆ ಮ್ಯಾಲ ತಾಸಿಗೆ 20 ಕಿ.ಮೀ. ವೇಗಕ್ಕೆ ಹೋಗಿ, ನಡಿಯೋ ವೇಗದ ತನಕ ನಿಧಾನಕ್ಕ ಬ್ರೇಕ್ ಹಿಡೀರಿ. ಗಾಲಿ ಲಾಕ್ ಆಗಬಾರದು. ಹಿಂಗ ಒಂದು 20 ಸಲ. ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ತೈತಿ. ಕೆಲಸ ಮುಗಿದ ಕೂಡಲೇ ಡಿಸ್ಕ್ ಮುಟ್ಟಬ್ಯಾಡ್ರಿ, ಸುಡ್ತೈತಿ.

(5/5)
'ಇರಲಿ ಬಿಡಲೇ, ಹಾರ್ನ್ ಉಳೀತು' ಅನ್ನೋ ದೋಸ್ತರು ಅದಾರ. ಹಾರ್ನ್ ಹೊಡೆದ್ರ ಮುಂದಿನವ ಸರೀಬಹುದು. ಸ್ತವನಿಧಿ ಘಾಟ್ ಇಳಿಯುವಾಗ ಹಿಂದ ಲಾರಿ, ಮುಂದ ಲಾರಿ, ಅಲ್ಲಿ ಹಿಡಿತ ಬೇಕು. ಕೃಷ್ಣಾ ಏರಿ ಕುಡಚಿ–ಉಗಾರ ಸೇತುವೆ ಮ್ಯಾಲ ನೀರು ಬಂದಾಗ, ರಾಡಿ ತುಂಬಿದ ರಸ್ತ್ಯಾಗ ಹೊಳ್ಳಿ ಬರೂ ಮುಂದನೂ ಅದ ಬೇಕು.

'ಹಳೇ ರಬ್ಬರ್ ಬ್ರೇಕ್ ಚಲೋ ಇದ್ವು' ಅಂತ ಕಾಕಾಗಳು ಅಂತಾರ. ಅದರ ನಿರ್ವಹಣೆ ಸುಲಭ, ಒಪ್ಪೋಣ. ಆದ್ರ ಒದ್ದಿ ರಿಮ್ ಮ್ಯಾಲ ರಬ್ಬರ್ ಇನ್ನೂ ಜಾಸ್ತಿ ಜಾರ್ತೈತಿ. ಡಿಸ್ಕ್ ಗಾಲಿ ನಡುವ ಇರ್ತೈತಿ, ಅದಕ್ಕ ರಾಡಿ ಕಮ್ಮಿ.

ಬಿಕಾಂ ಓದೋನಾಗಿ ಒಂದು ಲೆಕ್ಕ ಹೇಳ್ತೀನಿ. ಪ್ಯಾಡ್ ಅನ್ನೋದು ಪೆನ್ನಿನ ರೀಫಿಲ್ ಇದ್ದಂಗ, ಖರ್ಚಾಗಾಕ ಇರೋದು. ರೆಸಿನ್ ಪ್ಯಾಡ್ ಸದ್ದು ಕಮ್ಮಿ, ಆದರೆ ಮಳೆ-ಕೆಸರಿನಲ್ಲಿ ಬೇಗ ಸವೆಯುತ್ತದೆ. ಲೋಹದ ಪುಡಿಯ ಪ್ಯಾಡ್ ಹೆಚ್ಚು ದಿನ ಬರುತ್ತದೆ, ಒದ್ದಿ ಆದಾಗ ಸದ್ದು ಜಾಸ್ತಿ. ನಮ್ಮ ರಾಡಿಗೆ ನನ್ನ ಓಟು ಲೋಹದ್ದಕ್ಕ. ನಿಮ್ಮ ಡಿಸ್ಕ್ ಮ್ಯಾಲ 'ರೆಸಿನ್ ಓನ್ಲಿ' ಅಂತ ಕೆತ್ತಿದ್ರ ಮಾತ್ರ ಅದನ್ನ ಹಾಕಬ್ಯಾಡ್ರಿ. ಎರಡು ಹನಿ ಎಣ್ಣಿಗೆ ಪುಕ್ಕಟೆ ಸಿಗೋ ಶಾಂತಿ ಆಮ್ಯಾಲ ಹಲ್ಲು, ಮೊಣಕಾಲು ಖರ್ಚಿನ್ಯಾಗ ಬರೀಬೇಕಾಗ್ತೈತಿ.

ನಾಳೆ ಕಾಲೇಜಿಗೆ ಹೊರಡೋ ಮೊದಲು ಎರಡು ನಿಮಿಷ ಪ್ಯಾಡ್ ನೋಡ್ರಿ. ನಿಮ್ಮ ಸೈಕಲ್ ಯಾವ ಸದ್ದು ಮಾಡ್ತೈತಿ? ಕಾಮೆಂಟ್‌ನ್ಯಾಗ ಬರೀರಿ, ಕೂಡಿ ಹುಡುಕೋಣ.

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಮಳಿಗಾಲದಸೈಕಲ್